ಹಳೆಯ ಯಂತ್ರಗಳ ಅಚ್ಚು

ಹೊಸ ಕಂಪ್ಯೂಟರ್ ಬಂದರೂ ಬೋರ್ಡ್ ಚಿತ್ರಿಸುವ ತಂತ್ರಾಂಶ ಏಕೆ ತಡವರಿಸುತ್ತದೆ ಎಂಬ ಪ್ರಶ್ನೆ ಸರ್ಕ್ಯೂಟ್ ಬೋರ್ಡ್ ವಿನ್ಯಾಸದ ಕಸುಬಿನಲ್ಲಿ ಹಳೆಯದು. ಹದಿನಾರು ಕೋರ್‌ಗಳ ಪ್ರೊಸೆಸರ್, ದುಬಾರಿ ಗ್ರಾಫಿಕ್ಸ್ ಕಾರ್ಡ್, ಬೇಕಾದಷ್ಟು ಮೆಮೊರಿ ಎಲ್ಲವೂ ಇರುತ್ತದೆ. ಆದರೂ ಎಂಟು ಪದರದ ಬೋರ್ಡಿನಲ್ಲಿ ಒಂದು ವಯಾ, ಅಂದರೆ ಪದರಗಳನ್ನು ಜೋಡಿಸುವ ತೂತು, ಸರಿಸಿದೊಡನೆ ಪರದೆ ಒಂದೆರಡು ಕ್ಷಣ ಕಲ್ಲಾಗುತ್ತದೆ. ಆಗ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಒಂದು ಕೋರ್ ಏದುಸಿರು ಬಿಡುತ್ತಿರುತ್ತದೆ, ಮಿಕ್ಕವು ಸುಮ್ಮನೆ ಕೂತಿರುತ್ತವೆ. ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ ಎರಡು: ಯಂತ್ರದ ಶಕ್ತಿ ಸಾಲದು, ಇಲ್ಲವೇ ತಂತ್ರಾಂಶ ಬರೆದವರಿಗೆ ಶ್ರದ್ಧೆ ಸಾಲದು. ಈ ಕಸುಬಿನ ಚರಿತ್ರೆ ನೋಡಿದರೆ ಎರಡೂ ಅರೆಬರೆ ಉತ್ತರಗಳೆಂದು ತಿಳಿಯುತ್ತದೆ. ಪ್ರತಿ ಕಾಲದ ಯಂತ್ರದಲ್ಲೂ ಏನೋ ಒಂದು ಕಡಿಮೆ ಬೀಳುತ್ತಿತ್ತು. ಒಮ್ಮೆ ಮೆಮೊರಿ, ಒಮ್ಮೆ ಪರದೆಯ ಬಣ್ಣ, ಒಮ್ಮೆ ದಶಾಂಶ ಲೆಕ್ಕದ ಶಕ್ತಿ. ಆ ಕೊರತೆಗೆ ತಕ್ಕಂತೆ ತಂತ್ರಾಂಶದ ಮೈಕಟ್ಟು ರೂಪುಗೊಂಡಿತು. ಮುಂದೆ ಕೊರತೆ ನೀಗಿತು, ಮೈಕಟ್ಟು ಉಳಿಯಿತು. ಇಂದಿನ ನಿಧಾನಕ್ಕೆ ಇಂದಿನ ಯಂತ್ರಕ್ಕಿಂತ ಹಿಂದಿನ ಯಂತ್ರಗಳೇ ಹೆಚ್ಚು ಕಾರಣ ಎಂಬುದು ಇಲ್ಲಿನ ವಾದ.

ಕಂಪ್ಯೂಟರ್ ಇಲ್ಲದ ಕಾಲದ ಬೋರ್ಡುಗಳಲ್ಲಿ ಟ್ರ್ಯಾಕ್‌ಗಳು ಬಳುಕುತ್ತಾ ಸಾಗುತ್ತವೆ. ಬೆಳಕಿನ ಮೇಜಿನ ಮೇಲೆ ಪಾರದರ್ಶಕ ಪಾಲಿಯೆಸ್ಟರ್ ಹಾಳೆ ಹಾಸಿ, ಕಪ್ಪು ಕ್ರೇಪ್ ಟೇಪನ್ನು ಕೈಯಿಂದ ಅಂಟಿಸಿ, ಪ್ಯಾಡ್‌ಗಳಿಗೆ ದುಂಡನೆಯ ಚುಕ್ಕಿಗಳನ್ನು ಹಚ್ಚಿ, ನಿಜವಾದ ಅಳತೆಯ ಎರಡು ಪಟ್ಟು ಅಥವಾ ನಾಲ್ಕು ಪಟ್ಟು ದೊಡ್ಡದಾಗಿ ಚಿತ್ರ ಸಿದ್ಧಪಡಿಸುತ್ತಿದ್ದರು. ದೊಡ್ಡ ಕ್ಯಾಮೆರಾದಲ್ಲಿ ಅದನ್ನು ಕುಗ್ಗಿಸಿ ಫಿಲ್ಮ್ ತೆಗೆಯುತ್ತಿದ್ದರು. ಎರಡು ಬದಿಯ ಬೋರ್ಡಾದರೆ ಒಂದೇ ಹಾಳೆಯ ಮೇಲೆ ಕೆಂಪು ಟೇಪು, ನೀಲಿ ಟೇಪು ಅಂಟಿಸಿ, ಕ್ಯಾಮೆರಾಕ್ಕೆ ಬಣ್ಣದ ಫಿಲ್ಟರ್ ಹಾಕಿ ಎರಡೂ ಬದಿಗಳನ್ನು ಬೇರ್ಪಡಿಸುವ ಜಾಣ್ಮೆ ಆಗಲೇ ಇತ್ತು. ಈ ಕಾಲದೊಂದಿಗೆ ಬೆಂಗಳೂರಿಗೂ ನೇರ ನಂಟಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಸ್ವಿಟ್ಜರ್ಲೆಂಡಿನ ಸಹಯೋಗದಿಂದ ಎಲೆಕ್ಟ್ರಾನಿಕ್ಸ್ ವಿನ್ಯಾಸ ಮತ್ತು ತಂತ್ರಜ್ಞಾನ ಕೇಂದ್ರ ಶುರುವಾಯಿತು. ಸಿಇಡಿಟಿ ಎಂದೇ ಅದು ಎಲ್ಲರಿಗೂ ಪರಿಚಿತವಾಗಿತ್ತು. ಅಲ್ಲಿದ್ದ ವಾಲ್ಟರ್ ಬಾಸ್‌ಹಾರ್ಟ್ ಪ್ರಿಂಟೆಡ್ ಸರ್ಕ್ಯೂಟ್ ಬೋರ್ಡುಗಳ ಬಗ್ಗೆ ಬರೆದ ಪುಸ್ತಕ 1983ರಲ್ಲಿ ಟಾಟಾ ಮೆಗ್ರಾ-ಹಿಲ್ ಮೂಲಕ ಹೊರಬಂತು. ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬೋರ್ಡ್ ವಿನ್ಯಾಸವನ್ನು ಒಂದು ಶಿಸ್ತಾಗಿ ಕಲಿತದ್ದರಲ್ಲಿ ಆ ಪುಸ್ತಕದ ಪಾಲು ದೊಡ್ಡದು. ಆ ಕೈಕೆಲಸದಲ್ಲಿ ಹಾಳೆಯ ಕೆಳಗೆ ಚೌಕುಳಿ ಗೆರೆಗಳಿದ್ದರೂ ಟೇಪು ಅವುಗಳ ಹಂಗಿನಲ್ಲಿರಲಿಲ್ಲ. ಬೆರಳು ಎಳೆದತ್ತ ಬಾಗುತ್ತಿತ್ತು.

ಟೇಪಿನ ಜಾಗಕ್ಕೆ ಮೊದಲು ಬಂದದ್ದು ಕಂಪ್ಯೂಟರ್ ಪರದೆಯಲ್ಲ, ಬೆಳಕಿನಿಂದ ಬರೆಯುವ ಪ್ಲಾಟರ್. ವಿಯೆನ್ನಾದಲ್ಲಿ ಹುಟ್ಟಿ, ನಾಜಿಗಳ ಕೈಯಿಂದ ಪಾರಾಗಿ 1940ರಲ್ಲಿ ಅಮೆರಿಕ ಸೇರಿದ ಜೋಸೆಫ್ ಗರ್ಬರ್ ಕಟ್ಟಿದ ಕಂಪನಿಯ ಫೋಟೋಪ್ಲಾಟರ್‌ಗಳು 1960ರ ದಶಕದಿಂದ ಈ ಕೆಲಸಕ್ಕಿಳಿದವು. ಅವುಗಳ ಒಳಗೊಂದು ಚಕ್ರ. ಚಕ್ರದ ಸುತ್ತ ಬೇರೆಬೇರೆ ಆಕಾರದ, ಬೇರೆಬೇರೆ ಗಾತ್ರದ ಕಿಂಡಿಗಳು. ಬೇಕಾದ ಕಿಂಡಿಯನ್ನು ದೀಪದ ಮುಂದೆ ತಂದು, ಬೆಳಕು ಹಾಯಿಸಿ ಫಿಲ್ಮಿನ ಮೇಲೆ ಎಳೆದರೆ ಟ್ರ್ಯಾಕ್. ಎಳೆಯದೆ ಒಮ್ಮೆ ಮಿಂಚಿಸಿದರೆ ಪ್ಯಾಡ್. ದೀಪ ಹೊತ್ತಿಸಿ ಚಲಿಸು ಎಂಬುದಕ್ಕೆ ಡಿ01, ಆರಿಸಿ ಚಲಿಸು ಎಂಬುದಕ್ಕೆ ಡಿ02, ಮಿಂಚಿಸು ಎಂಬುದಕ್ಕೆ ಡಿ03. ಇಂದು ಯಾವುದೇ ಬೋರ್ಡನ್ನು ತಯಾರಿಸಲು ಕಳಿಸುವ ಗರ್ಬರ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ, ಇದೇ ಮೂರು ಆಜ್ಞೆಗಳು ಸಾಲುಸಾಲಾಗಿ ಕಾಣುತ್ತವೆ. ಕಿಂಡಿಯ ಚಕ್ರವಿದ್ದ ಯಂತ್ರಗಳು ಮೂಲೆ ಸೇರಿ ದಶಕಗಳಾದವು, ಲೇಸರ್ ಬಂತು, ಫಿಲ್ಮೇ ಬೇಡದ ನೇರ ಮುದ್ರಣವೂ ಬಂತು, ಆಜ್ಞೆಗಳು ಮಾತ್ರ ಹಾಗೆಯೇ ಉಳಿದವು. ದೊಡ್ಡ ತಾಮ್ರದ ಹಾಸೊಂದನ್ನು ತುಂಬಬೇಕಾದರೆ ಹಳೆಯ ಪ್ಲಾಟರ್ ಗೆರೆಯ ಪಕ್ಕ ಗೆರೆ ಎಳೆದು ಬಣ್ಣ ಬಳಿದಂತೆ ತುಂಬಬೇಕಿತ್ತು. ಇಡೀ ಹಾಸನ್ನು ಒಂದು ಬಹುಭುಜವಾಗಿ ಹೇಳುವ ಸುಧಾರಿತ ಗರ್ಬರ್ ಬಂದಮೇಲೂ ಗೆರೆ ಎಳೆದು ತುಂಬುವ ಅಭ್ಯಾಸ ಹಲವು ತಂತ್ರಾಂಶಗಳಲ್ಲಿ ಬಹುಕಾಲ ಉಳಿದುಕೊಂಡಿತು. ಅದಕ್ಕೆ ತಕ್ಕಂತೆ ಫೈಲುಗಳೂ ಉಬ್ಬಿದವು, ಅವುಗಳನ್ನು ತೆರೆಯುವ ಹೊತ್ತೂ ಹೆಚ್ಚಿತು. ಯಂತ್ರ ಸತ್ತಮೇಲೂ ಅದರ ಆಕಾರ ಬದುಕುಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಂಡಿಲ್ಲ.

ಇನ್ನು ಟ್ರ್ಯಾಕ್‌ಗಳ ದಾರಿ ಹುಡುಕುವ ಲೆಕ್ಕಕ್ಕೆ ಬರೋಣ. ಬೆಲ್ ಲ್ಯಾಬ್ಸ್‌ನ ಸಿ. ವೈ. ಲೀ 1961ರಲ್ಲಿ ಪ್ರಕಟಿಸಿದ ವಿಧಾನ ಸರಳವಾದದ್ದು, ಅಷ್ಟೇ ಪ್ರಬಲವಾದದ್ದು. ಬೋರ್ಡನ್ನು ಸಣ್ಣ ಚೌಕಗಳಾಗಿ ಭಾಗಿಸಿ, ಹೊರಡುವ ಚೌಕದಿಂದ ಸುತ್ತಲಿನ ಖಾಲಿ ಚೌಕಗಳಿಗೆ 1, ಅವುಗಳ ಆಚೆಗಿನವಕ್ಕೆ 2, ಹೀಗೆ ಗುರಿ ಮುಟ್ಟುವವರೆಗೆ ಅಂಕಿ ಹಾಕುತ್ತಾ ಹೋಗುವುದು. ಆಮೇಲೆ ಅಂಕಿ ಇಳಿಯುವ ಹಾದಿಯಲ್ಲೇ ಹಿಂದಿರುಗುವುದು. ದಾರಿ ಇದ್ದರೆ ಅದು ಸಿಕ್ಕೇ ಸಿಗುತ್ತದೆ, ಸಿಕ್ಕಿದ್ದು ಅತಿ ಚಿಕ್ಕ ದಾರಿಯೂ ಆಗಿರುತ್ತದೆ. ಆದರೆ ಪ್ರತಿ ಚೌಕಕ್ಕೂ ಮೆಮೊರಿಯಲ್ಲಿ ಒಂದು ಜಾಗ ಬೇಕು. ಹತ್ತು ಇಂಚು ಉದ್ದ, ಹತ್ತು ಇಂಚು ಅಗಲದ ಎರಡು ಪದರದ ಬೋರ್ಡನ್ನು 50 ಮಿಲ್, ಅಂದರೆ ಇಂಚಿನ ಸಾವಿರದಲ್ಲಿ ಐವತ್ತು ಭಾಗದ ಚೌಕಗಳಾಗಿ ಭಾಗಿಸಿದರೆ 80,000 ಚೌಕಗಳಾಗುತ್ತವೆ. 25 ಮಿಲ್‌ಗೆ ಇಳಿಸಿದರೆ 3,20,000. 5 ಮಿಲ್‌ಗೆ ಇಳಿಸಿದರೆ 80 ಲಕ್ಷ. ಚೌಕಕ್ಕೆ ಒಂದೇ ಬೈಟ್ ಎಂದು ಹಿಡಿದರೂ ಕೊನೆಯದಕ್ಕೆ ಸುಮಾರು 8 ಮೆಗಾಬೈಟ್ ಬೇಕು. ಈ ಮೂರು ಅಂಕಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಕಾಲದ ಯಂತ್ರಗಳನ್ನು ನೋಡಬೇಕು.

1980ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದಲ್ಲಿ ಮೂರು ಕಂಪನಿಗಳು ಎಲೆಕ್ಟ್ರಾನಿಕ್ಸ್ ವಿನ್ಯಾಸ ತಂತ್ರಾಂಶದ ಮಾರುಕಟ್ಟೆಗಾಗಿ ಸೆಣಸಿದವು: ಡೈಸಿ, ಮೆಂಟರ್ ಮತ್ತು ವ್ಯಾಲಿಡ್. ಡೈಸಿ ಮತ್ತು ವ್ಯಾಲಿಡ್ ತಮ್ಮ ತಂತ್ರಾಂಶಕ್ಕೆಂದೇ ಸ್ವಂತ ಯಂತ್ರ ಕಟ್ಟಿದವು. 1981ರಲ್ಲಿ ಆರೆಗಾನ್ ರಾಜ್ಯದಲ್ಲಿ ಶುರುವಾದ ಮೆಂಟರ್ ಯಂತ್ರ ಕಟ್ಟುವ ಗೋಜಿಗೇ ಹೋಗದೆ ಅಪೊಲೊ ಕಂಪನಿಯ ವರ್ಕ್‌ಸ್ಟೇಷನ್ ಮೇಲೆ ತನ್ನ ತಂತ್ರಾಂಶ ಬರೆಯಿತು. ಸ್ವಂತ ಯಂತ್ರ ಕಟ್ಟಿದವರ ವಾದದಲ್ಲಿ ಹುರುಳಿತ್ತು: ಕೆಲಸಕ್ಕೆ ಹೇಳಿ ಮಾಡಿಸಿದ ಯಂತ್ರ ಎಲ್ಲರಿಗಾಗಿ ಮಾಡಿದ ಯಂತ್ರಕ್ಕಿಂತ ವೇಗವಾಗಿರಲೇಬೇಕು. ಆ ವರ್ಷದ ಮಟ್ಟಿಗೆ ಅದು ಸರಿಯೂ ಇರಬಹುದು. ಆದರೆ ಸಾಮಾನ್ಯ ಯಂತ್ರಗಳು ಎರಡು ಮೂರು ವರ್ಷಕ್ಕೊಮ್ಮೆ ಮಗ್ಗುಲು ಬದಲಿಸುತ್ತಿದ್ದ ಕಾಲವದು. ತನ್ನದೇ ಯಂತ್ರಕ್ಕೆ ಕಟ್ಟುಬಿದ್ದ ತಂತ್ರಾಂಶ ಆ ಓಟದಲ್ಲಿ ಹಿಂದೆ ಬಿತ್ತು. ಡೈಸಿ 1990ರ ಹೊತ್ತಿಗೆ ದಿವಾಳಿಯಾಯಿತು, ವ್ಯಾಲಿಡ್ 1991ರಲ್ಲಿ ಕೇಡೆನ್ಸ್ ಪಾಲಾಯಿತು, ಮೆಂಟರ್ ಉಳಿಯಿತು. 2017ರಲ್ಲಿ ಸೀಮನ್ಸ್ ಅದನ್ನು ಕೊಂಡಿತು. ವ್ಯಾಪಾರದ ಬೇರೆ ಕಾರಣಗಳೂ ಇದರಲ್ಲಿ ಸೇರಿವೆ. ಆದರೂ ಯಾವ ಯಂತ್ರವನ್ನು ನಂಬಿದೆವು ಎಂಬುದೇ ತಂತ್ರಾಂಶದ ಹಣೆಬರಹ ಬರೆದದ್ದು ಇಲ್ಲಿ ಸ್ಪಷ್ಟವಾಗಿದೆ.

ವರ್ಕ್‌ಸ್ಟೇಷನ್ ದೊಡ್ಡ ಕಂಪನಿಗಳ ಮಾತಾಯಿತು. ಸಣ್ಣವರ ಕೈಗೆ, ಅದರಲ್ಲೂ ಆಮದು ಯಂತ್ರವೇ ದೊಡ್ಡ ಕನಸಾಗಿದ್ದ ಭಾರತದಂಥ ದೇಶದ ಸಣ್ಣ ಉದ್ಯಮಗಳ ಕೈಗೆ ಬೋರ್ಡ್ ವಿನ್ಯಾಸವನ್ನು ತಂದದ್ದು ಐಬಿಎಂ ಪಿಸಿ ಮತ್ತು ಅದರ ತದ್ರೂಪುಗಳು. 1981ರ ಆ ಪಿಸಿಯ 8088 ಪ್ರೊಸೆಸರಿನ ವೇಗ 4.77 ಮೆಗಾಹರ್ಟ್ಸ್. ಡಾಸ್ ಕಾರ್ಯಕ್ರಮಗಳಿಗೆ ಸಿಗುತ್ತಿದ್ದ ಮೆಮೊರಿ ಹೆಚ್ಚೆಂದರೆ 640 ಕಿಲೋಬೈಟ್. ದಶಾಂಶ ಲೆಕ್ಕಕ್ಕೆ 8087 ಎಂಬ ಇನ್ನೊಂದು ಚಿಪ್ಪನ್ನು ಪ್ರತ್ಯೇಕವಾಗಿ ಕೊಂಡು ಹಾಕಬೇಕು. ಅದಿಲ್ಲದ ಪಿಸಿಗಳೇ ಹೆಚ್ಚು. ಮೇಲೆ ಹೇಳಿದ 25 ಮಿಲ್ ಚೌಕುಳಿಯೊಂದೇ ಈ ಮೆಮೊರಿಯ ಅರ್ಧದಷ್ಟನ್ನು ನುಂಗುತ್ತದೆ. ಡಾಸ್, ತಂತ್ರಾಂಶ, ಬೋರ್ಡಿನ ಮಾಹಿತಿ ಎಲ್ಲವೂ ಉಳಿದರ್ಧದಲ್ಲಿ ಇಕ್ಕಟ್ಟಾಗಿ ಕೂರಬೇಕು. 5 ಮಿಲ್ ಎಂಬುದು ಮಾತೇ ಅಲ್ಲ. ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದಲ್ಲಿ ನಿಕ್ ಮಾರ್ಟಿನ್ 1985ರಲ್ಲಿ ಶುರುಮಾಡಿದ ಪ್ರೋಟೆಲ್, ಜರ್ಮನಿಯ ಕ್ಯಾಡ್‌ಸಾಫ್ಟ್ 1988ರಲ್ಲಿ ತಂದ ಈಗಲ್, ಅಮೆರಿಕದ ಆರ್‌ಕ್ಯಾಡ್ ಮತ್ತು ಪ್ಯಾಡ್ಸ್ ಇವೆಲ್ಲ ಇಂಥ ಇಕ್ಕಟ್ಟಿನಲ್ಲೇ ಹುಟ್ಟಿ ಬೆಳೆದವು. ಇವುಗಳನ್ನು ಬರೆದವರ ಜಾಣ್ಮೆ ದೊಡ್ಡದು. ಒಂದೊಂದು ಬೈಟಿಗೂ ಲೆಕ್ಕವಿಟ್ಟವರು ಅವರು.

ಆ ಲೆಕ್ಕಾಚಾರದ ಗುರುತು ಬೋರ್ಡಿನ ಮೇಲೇ ಬಿತ್ತು. ಟ್ರ್ಯಾಕ್‌ಗಳ ಬಳುಕು ಮಾಯವಾಯಿತು. ಅಡ್ಡ, ಉದ್ದ, 45 ಡಿಗ್ರಿ ಓರೆ, ಇಷ್ಟೇ ಉಳಿದವು, ಏಕೆಂದರೆ ಈ ದಿಕ್ಕುಗಳಿಗೆ ಪೂರ್ಣಾಂಕದ ಕೂಡು-ಕಳೆ ಸಾಕು, ಬಾಗು ಗೆರೆಗೆ ದಶಾಂಶ ಬೇಕು. 45 ಡಿಗ್ರಿ ಬಂದದ್ದು ತಯಾರಿಕೆಯ ಅನುಕೂಲಕ್ಕೆ, ಚೂಪು ಮೂಲೆಗಳಲ್ಲಿ ಆಮ್ಲ ನಿಂತು ತಾಮ್ರ ತಿನ್ನದಿರಲಿ ಎಂದು, ಅದಕ್ಕೂ ಕಂಪ್ಯೂಟರಿಗೂ ಸಂಬಂಧವಿಲ್ಲ ಎಂದು ಕೆಲವರು ಹೇಳುತ್ತಾರೆ. ಚೂಪು ಮೂಲೆ ಬೇಡ ಎನ್ನಲು ಅದು ಕಾರಣವಾದೀತು, ಬಾಗು ಗೆರೆ ಬೇಡ ಎನ್ನಲು ಆಗದು. ತಾಮ್ರ ಕರಗಿಸುವ ದ್ರಾವಣಕ್ಕೆ ಬಾಗು ಗೆರೆ ನೇರ ಗೆರೆಯಷ್ಟೇ ಸಲೀಸು. ಟೇಪಿನ ಕಾಲದ ಲಕ್ಷಾಂತರ ಬೋರ್ಡುಗಳೇ ಅದಕ್ಕೆ ಪುರಾವೆ. ದಶಾಂಶ ಲೆಕ್ಕ ಅಗ್ಗವಾದಮೇಲೆ ಬಾಗು ಗೆರೆಗಳು ಮರಳಿ ಬಂದವು. ರಷ್ಯದ ಟೋಪೋಆರ್ ಎಂಬ ರೂಟರ್, ಅಂದರೆ ದಾರಿ ಹುಡುಕುವ ತಂತ್ರಾಂಶ, ಬಳುಕು ದಾರಿಗಳನ್ನೇ ತನ್ನ ಹೆಗ್ಗುರುತಾಗಿಸಿಕೊಂಡಿತು. ಆದರೂ ನಮ್ಮ ಬಹುಪಾಲು ಬೋರ್ಡುಗಳು ಇಂದಿಗೂ 45 ಡಿಗ್ರಿಯವೇ. ಪರದೆಯೂ ತನ್ನ ಗುರುತು ಬಿಟ್ಟಿತು. ಆಗಿನ ಇಜಿಎ, ವಿಜಿಎ ಕಾರ್ಡುಗಳು ಒಮ್ಮೆಗೆ ಹದಿನಾರು ಬಣ್ಣ ಕೊಡುತ್ತಿದ್ದವು. ಪದರಕ್ಕೊಂದು ಅಪ್ಪಟ ಬಣ್ಣ, ಮೇಲಿನ ತಾಮ್ರಕ್ಕೆ ಕೆಂಪು, ಕೆಳಗಿನದಕ್ಕೆ ನೀಲಿ, ಕಪ್ಪು ಹಿನ್ನೆಲೆ ಎಂಬ ರೂಢಿ ಆ ಪರದೆಗಳಲ್ಲಿ ಗಟ್ಟಿಯಾಯಿತು. ಕೋಟ್ಯಂತರ ಬಣ್ಣಗಳ ಪರದೆಯ ಮುಂದೆ ಕೂತ ಇಂದಿನ ವಿನ್ಯಾಸಕಾರರೂ ಅದೇ ಕೆಂಪು ನೀಲಿಗಳನ್ನು ನೋಡುತ್ತಿದ್ದಾರೆ.

ಇಲ್ಲಿ ಗಟ್ಟಿಯಾದ ಆಕ್ಷೇಪವೊಂದಿದೆ. ಯಂತ್ರಕ್ಕೆ ಇಷ್ಟು ಮಹತ್ವ ಕೊಡುವುದೇಕೆ, ವೇಗ ಬಂದದ್ದು ಒಳ್ಳೆಯ ಗಣಿತದಿಂದ ಅಲ್ಲವೇ ಎಂಬುದು. 1990ರ ದಶಕದಲ್ಲಿ ಹೆಸರಾದ ಸ್ಪೆಕ್ಟ್ರಾ ರೂಟರ್ ಹೀಗೆ ಕೇಳುವವರ ಉದಾಹರಣೆ. ಕೂಪರ್ ಅಂಡ್ ಚ್ಯಾನ್ ಕಂಪನಿ ರೂಪಿಸಿ, 1997ರಲ್ಲಿ ಕೇಡೆನ್ಸ್ ಕೈ ಸೇರಿದ ಅದು ಚೌಕುಳಿಯನ್ನೇ ಬಿಟ್ಟುಕೊಟ್ಟಿತು. ಬೋರ್ಡಿನ ಮೇಲಿರುವ ವಸ್ತುಗಳ ಆಕಾರಗಳನ್ನಷ್ಟೇ ನೆನಪಿಟ್ಟುಕೊಂಡು, ಅವುಗಳ ನಡುವಿನ ಬಯಲಿನಲ್ಲಿ ದಾರಿ ಹುಡುಕಿ, ಎದುರಾದ ಟ್ರ್ಯಾಕನ್ನು ಕಿತ್ತು ಮತ್ತೆ ಹಾಕುವ ವಿಧಾನ ಅದರದು. 80 ಲಕ್ಷ ಚೌಕಗಳ ಬದಲು ಕೆಲವು ಸಾವಿರ ಆಕಾರಗಳು. ಈ ಗೆಲುವು ಗಣಿತದ್ದು ಎಂಬುದನ್ನು ಒಪ್ಪಲೇಬೇಕು. ಆದರೆ ಆಕಾರಗಳ ನಡುವಿನ ಅಂತರ ಅಳೆಯುವ ಲೆಕ್ಕ ಚೌಕಕ್ಕೆ ಅಂಕಿ ಹಾಕುವ ಲೆಕ್ಕಕ್ಕಿಂತ ಬಹಳ ಭಾರ. ಒಂದು ಟ್ರ್ಯಾಕನ್ನು ಹತ್ತಾರು ಸಲ ಕಿತ್ತು ಹಾಕಲು ಬಿಡುವಿರುವ ಪ್ರೊಸೆಸರ್ ಬೇಕು, ಹಳೆಯ ಪಿಸಿಯ ಮೆಮೊರಿಯನ್ನು ಒಡೆದಿದ್ದ 64 ಕಿಲೋಬೈಟ್ ತುಂಡುಗಳ ಕಾಟವಿಲ್ಲದ ಸಮತಟ್ಟಾದ ಮೆಮೊರಿ ಬೇಕು. 32 ಬಿಟ್ ಯಂತ್ರಗಳು ಮೇಜಿನ ಮೇಲೆ ಬರುವ ಮೊದಲು ಇಂಥ ಗಣಿತ ಕಾಗದದ ಮೇಲೆ ಇದ್ದಿದ್ದರೂ ದಿನನಿತ್ಯದ ಕೆಲಸಕ್ಕೆ ಒದಗುತ್ತಿರಲಿಲ್ಲ. ಗಣಿತ ದಾರಿ ತೋರಿಸಿತು ನಿಜ, ಯಾವ ದಾರಿಯಲ್ಲಿ ನಡೆಯಬಹುದು ಎಂಬುದನ್ನು ಯಂತ್ರವೇ ಗೊತ್ತುಮಾಡಿತು.

2004ರವರೆಗೆ ಎಲ್ಲರಿಗೂ ಸುಗ್ಗಿ. 1981ರ 4.77 ಮೆಗಾಹರ್ಟ್ಸ್ 2004ರ ಪೆಂಟಿಯಂ 4ರಲ್ಲಿ 3.8 ಗಿಗಾಹರ್ಟ್ಸ್ ಆಯಿತು, ಅಂದರೆ ಸುಮಾರು 800 ಪಟ್ಟು. ತಂತ್ರಾಂಶದ ಒಂದು ಸಾಲನ್ನೂ ಬದಲಿಸದೆ ವರ್ಷ ವರ್ಷವೂ ವೇಗ ತಾನಾಗಿ ಹೆಚ್ಚುತ್ತಿತ್ತು. ಹಾಗಾಗಿ ಡಾಸ್ ಕಾಲದ ಮೈಕಟ್ಟನ್ನು ಬದಲಿಸುವ ಒತ್ತಡವೇ ಯಾರ ಮೇಲೂ ಬೀಳಲಿಲ್ಲ. ವಿಂಡೋಸ್ ಉಡುಪು ತೊಡಿಸಿದ್ದಾಯಿತು, ಒಳಗಿನ ಎಲುಬು ಹಾಗೆಯೇ ಇತ್ತು. 2004ರಲ್ಲೇ ಶಾಖದ ಗೋಡೆ ಎದುರಾಗಿ ಇಂಟೆಲ್ ತನ್ನ ಮುಂದಿನ ಅತಿವೇಗದ ಚಿಪ್ಪನ್ನು ಕೈಬಿಟ್ಟಿತು. ಅಲ್ಲಿಂದ ಮುಂದಿನ ಇಪ್ಪತ್ತು ವರ್ಷಗಳಲ್ಲಿ ಮೇಜಿನ ಮೇಲಿನ ಪ್ರೊಸೆಸರ್ ಮುಟ್ಟಿದ ಗರಿಷ್ಠ ವೇಗ 6 ಗಿಗಾಹರ್ಟ್ಸ್ ಆಸುಪಾಸು. ಇಮ್ಮಡಿ ಕೂಡ ಆಗಲಿಲ್ಲ. ಪ್ರೊಸೆಸರಿನ ಗಡಿಯಾರದ ಒಂದು ಮಿಡಿತದಲ್ಲಿ ಮಾಡುವ ಕೆಲಸ ಹೆಚ್ಚಿದೆ, ಆ ಲಾಭ ಸಣ್ಣದಲ್ಲ. ಆದರೆ ಅದಕ್ಕಿಂತ ಹೆಚ್ಚು ಕಾಡುವ ಅಂಕಿ ಮೆಮೊರಿಯದು. 8088 ಮೆಮೊರಿಯಿಂದ ಒಂದು ಬೈಟ್ ತರಲು ನಾಲ್ಕು ಮಿಡಿತ, ಅಂದರೆ ಸುಮಾರು 840 ನ್ಯಾನೋಸೆಕೆಂಡ್ ತೆಗೆದುಕೊಳ್ಳುತ್ತಿತ್ತು. ಇಂದಿನ ಪ್ರೊಸೆಸರ್ ಮುಖ್ಯ ಮೆಮೊರಿಯ ಯಾವುದೋ ಮೂಲೆಯಿಂದ ಮಾಹಿತಿ ತರಲು ಸುಮಾರು 80 ನ್ಯಾನೋಸೆಕೆಂಡ್ ತೆಗೆದುಕೊಳ್ಳುತ್ತದೆ. ಪ್ರೊಸೆಸರಿನ ಮಿಡಿತ ಸಾವಿರ ಪಟ್ಟು ಚುರುಕಾದರೆ ಮೆಮೊರಿಯ ಓಗೊಡುವಿಕೆ ಹತ್ತು ಪಟ್ಟು ಮಾತ್ರ ಚುರುಕಾಯಿತು. ಆಗ ನಾಲ್ಕು ಮಿಡಿತದ ಕಾಯುವಿಕೆ, ಈಗ ನಾನೂರರ ಆಸುಪಾಸು.

ಈ ಅಂಕಿಯ ಮುಂದೆ ಹಳೆಯ ಮೈಕಟ್ಟು ಸೋಲುತ್ತದೆ. 1980ರ ದಶಕದಲ್ಲಿ ಬೋರ್ಡಿನ ಪ್ರತಿ ಪ್ಯಾಡ್, ಪ್ರತಿ ಟ್ರ್ಯಾಕ್ ತುಂಡನ್ನು ಒಂದಕ್ಕೊಂದು ಕೊಂಡಿ ಹಾಕಿದ ಸರಪಳಿಯಾಗಿ ಇಡುವುದು ಜಾಣತನವಾಗಿತ್ತು. ಮೆಮೊರಿ ಉಳಿಯುತ್ತಿತ್ತು, ಕೊಂಡಿಯಿಂದ ಕೊಂಡಿಗೆ ಹಾರಲು ಖರ್ಚಿರಲಿಲ್ಲ. ಈಗ ಪ್ರತಿ ಹಾರಾಟಕ್ಕೂ ಪ್ರೊಸೆಸರ್ ನೂರಾರು ಮಿಡಿತ ಕಾಯುತ್ತಾ ಕೂರಬಹುದು. ಬೋರ್ಡಿನಲ್ಲಿ 20,000 ವಸ್ತುಗಳಿವೆ ಎಂದು ಇಟ್ಟುಕೊಳ್ಳಿ. ಪ್ರತಿಯೊಂದೂ ಇನ್ನೊಂದರಿಂದ ಸಾಕಷ್ಟು ದೂರದಲ್ಲಿದೆಯೇ ಎಂದು ಕಣ್ಣುಮುಚ್ಚಿ ಪರೀಕ್ಷಿಸಿದರೆ ಸುಮಾರು 20 ಕೋಟಿ ಜೋಡಿಗಳಾಗುತ್ತವೆ. ಹತ್ತಿರದವರನ್ನಷ್ಟೇ ಹುಡುಕಿಕೊಡುವ ಸೂಚಿಗಳು ಈ ಸಂಖ್ಯೆಯನ್ನು ಬಹಳ ಇಳಿಸುತ್ತವೆ, ಆದರೂ ಉಳಿದ ಪ್ರತಿ ಪರೀಕ್ಷೆಯೂ ಮೆಮೊರಿಯ ಬೇರೆಬೇರೆ ಮೂಲೆಗಳಿಗೆ ಹೋಗಿಬರುತ್ತದೆ. ಪ್ರೊಸೆಸರಿನ ಒಡಲಲ್ಲೇ ಇರುವ ಕ್ಯಾಶ್ ಮೆಮೊರಿ ದೊಡ್ಡದಿದ್ದರೆ ಬೋರ್ಡ್ ತಂತ್ರಾಂಶ ಚುರುಕಾಗುವುದು ಇದೇ ಕಾರಣಕ್ಕೆ.

ಹಾಗಾದರೆ ಹೆಚ್ಚು ಕೋರ್‌ಗಳಿಂದ ಪ್ರಯೋಜನವಿಲ್ಲವೇ? ಕೆಲಸ ಯಾವುದೆಂಬುದರ ಮೇಲೆ ನಿಂತಿದೆ. ಟ್ರ್ಯಾಕ್ ತಳ್ಳಿದಾಗ ಪಕ್ಕದ್ದು ಸರಿಯಬೇಕು, ಅದು ಸರಿದಮೇಲೆ ಅದರಾಚೆಯದು ಸರಿಯಬೇಕು, ಎಲ್ಲ ಸರಿದು ನಿಂತಮೇಲೆ ತಾಮ್ರದ ಹಾಸು ಮತ್ತೆ ತುಂಬಿಕೊಳ್ಳಬೇಕು. ಹಿಂದಿನ ಹೆಜ್ಜೆ ಮುಗಿಯದೆ ಮುಂದಿನದಕ್ಕೆ ಕಾಲಿಡಲಾಗದ ಕೆಲಸ ಇದು. ಜೀನ್ ಆಮ್ಡಾಲ್ 1967ರಲ್ಲೇ ತೋರಿಸಿದ ಲೆಕ್ಕದಂತೆ, ಅರ್ಧ ಕೆಲಸ ಹೀಗೆ ಸಾಲಿನಲ್ಲೇ ನಡೆಯಬೇಕಾದರೆ 64 ಕೋರ್‌ಗಳಿದ್ದರೂ ಒಟ್ಟು ವೇಗ ಇಮ್ಮಡಿಯಾಗದು. ಅದೇ ವಿದ್ಯುತ್ಕಾಂತೀಯ ಸಿಮ್ಯುಲೇಷನ್‌ನಲ್ಲಿ ಲೆಕ್ಕವನ್ನು ಹಂಚಿಕೊಳ್ಳಬಹುದು. ಅಲ್ಲಿ ಕೋರ್‌ಗಳೂ ಮೆಮೊರಿಯೂ ಎಷ್ಟಿದ್ದರೂ ಬೇಕು. ಗ್ರಾಫಿಕ್ಸ್ ಕಾರ್ಡಿನ ಕಥೆ ಬೇರೆ. ಪರದೆಯ ಮೇಲೆ ಹತ್ತಾರು ಪದರಗಳನ್ನು ಪಾರದರ್ಶಕವಾಗಿ ಎಳೆದಾಡಲು, ಹಿಗ್ಗಿಸಿ ಕುಗ್ಗಿಸಲು ಅದು ಬೇಕು, ಆದರೆ ಸಾಧಾರಣ ಕಾರ್ಡೇ ಸಾಕಾಗುತ್ತದೆ. ದುಬಾರಿ ಕಾರ್ಡು ಅಂತರ ಪರೀಕ್ಷೆಯನ್ನು ಒಂದು ಕ್ಷಣವೂ ಬೇಗ ಮುಗಿಸದು.

ಇದೆಲ್ಲ ಗೊತ್ತಿದ್ದರೆ ಬುಡದಿಂದ ಹೊಸದಾಗಿ ಬರೆಯಬಾರದೇಕೆ ಎಂದು ಕೇಳಬಹುದು. ಬರೆಯಲು ಹೊರಟವರಿಗೆ ಬಿದ್ದ ಪೆಟ್ಟು ಉಳಿದವರಿಗೆಲ್ಲ ನೆನಪಿದೆ. ಮೆಂಟರ್ 1990ರ ಆಸುಪಾಸಿನಲ್ಲಿ ತನ್ನ ತಂತ್ರಾಂಶವನ್ನು ಹೊಸದಾಗಿ ಕಟ್ಟಲು ಕೈಹಾಕಿತು, 8.0 ಆವೃತ್ತಿ ತಡವಾಗಿ ತಡವಾಗಿ ಬಂದು ಕಂಪನಿ ತತ್ತರಿಸಿತು. ಹಳೆಯ ಫೈಲುಗಳು ತೆರೆಯಬೇಕು, ಕಂಪನಿಗಳು ಹತ್ತು ವರ್ಷ ಕೂಡಿಟ್ಟ ಬಿಡಿಭಾಗಗಳ ಲೈಬ್ರರಿ ಕೆಲಸ ಮಾಡಬೇಕು, ಕೈಗೆ ಕೂತ ಕೀಲಿಗಳು ಬದಲಾಗಬಾರದು. ಹಾಗಾಗಿ ಯಂತ್ರಕ್ಕೂ ತಂತ್ರಾಂಶಕ್ಕೂ ನಡುವೆ ದೊಡ್ಡ ಅಂತರ ಬೀಳುತ್ತದೆ. ಎಎಂಡಿ 64 ಬಿಟ್ ಚಿಪ್ಪುಗಳನ್ನು ಮಾರುಕಟ್ಟೆಗೆ ತಂದದ್ದು 2003ರಲ್ಲಿ. ಪ್ರೋಟೆಲ್‌ನ ಉತ್ತರಾಧಿಕಾರಿಯಾದ ಆಲ್ಟಿಯಂ ಡಿಸೈನರ್ 64 ಬಿಟ್‌ಗೆ ಬಂದದ್ದು 18ನೇ ಆವೃತ್ತಿಯಲ್ಲಿ, 2017ರ ಕೊನೆಯ ಹೊತ್ತಿಗೆ. ನಡುವಿನ ಹದಿನಾಲ್ಕು ವರ್ಷ 16 ಗಿಗಾಬೈಟ್ ಮೆಮೊರಿ ಹಾಕಿಸಿಕೊಂಡವರೂ ಅದರ ಕಾಲು ಭಾಗಕ್ಕಿಂತ ಹೆಚ್ಚನ್ನು ಆ ತಂತ್ರಾಂಶಕ್ಕೆ ಉಣಿಸಲು ಆಗುತ್ತಿರಲಿಲ್ಲ. ಫ್ರಾನ್ಸಿನಲ್ಲಿ ಜಾನ್-ಪಿಯೆರ್ ಶರಾ 1992ರಲ್ಲಿ ಆರಂಭಿಸಿದ ಮುಕ್ತ ತಂತ್ರಾಂಶ ಕೀಕ್ಯಾಡ್ ಇನ್ನೊಂದು ದಾರಿ ತೋರಿಸಿತು. ಸೆರ್ನ್ ಪ್ರಯೋಗಾಲಯದ ಎಂಜಿನಿಯರುಗಳು ಕೈಜೋಡಿಸಿ ಚಿತ್ರಿಸುವ ಭಾಗವನ್ನು ಗ್ರಾಫಿಕ್ಸ್ ಕಾರ್ಡಿಗೆ ಒಪ್ಪಿಸಿದರು, ಟ್ರ್ಯಾಕ್ ತಳ್ಳುವ ರೂಟರ್ ಬರೆದರು, 2015ರ 4.0 ಆವೃತ್ತಿಯಲ್ಲಿ ಅವು ಎಲ್ಲರಿಗೂ ಸಿಕ್ಕವು. ಹಳೆಯ ಮನೆಯನ್ನು ಒಡೆಯದೆ ಒಂದೊಂದೇ ಕೋಣೆಯನ್ನು ಹೊಸದಾಗಿ ಕಟ್ಟುವ ಈ ತಾಳ್ಮೆಯ ದಾರಿಯೇ ಹೆಚ್ಚು ಫಲ ಕೊಟ್ಟಿದೆ ಎಂದು ನನ್ನ ಎಣಿಕೆ.

ಕೊನೆಯ ಆಕ್ಷೇಪ ಅನುಭವಿಗಳದು. ಬೋರ್ಡ್ ತಡವಾಗುವುದು ಯೋಚನೆ ಮಾಡಬೇಕಾದದ್ದರಿಂದ, ಯಂತ್ರ ಒಂದು ಕ್ಷಣ ನಿಂತರೆ ಏನು ಮುಳುಗಿತು ಎನ್ನುತ್ತಾರೆ ಅವರು. ದಿನಗಳ ಲೆಕ್ಕದಲ್ಲಿ ಅವರ ಮಾತು ಸರಿ. ಆದರೆ ಕಾಯಬೇಕಾದ ಕಡೆ ಮನುಷ್ಯ ಪ್ರಯೋಗ ಮಾಡುವುದನ್ನು ಬಿಡುತ್ತಾನೆ. ಒಂದು ಚಿಪ್ಪನ್ನು ಎರಡು ಮಿಲಿಮೀಟರ್ ಸರಿಸಿ ನೋಡಿದರೆ ದಾರಿ ಸಲೀಸಾದೀತು ಎಂದು ಹೊಳೆದರೂ, ಸರಿಸಿದಾಗಲೆಲ್ಲ ಅರ್ಧ ನಿಮಿಷ ಕಾಯಬೇಕಾದರೆ ಇದ್ದದ್ದು ಇದ್ದಲ್ಲೇ ಇರಲಿ ಎನಿಸುತ್ತದೆ. ಅಂತರ ಪರೀಕ್ಷೆಯನ್ನು ಆರಿಸಿಟ್ಟು ಕೆಲಸ ಮಾಡಿ ಕೊನೆಗೊಮ್ಮೆ ನೂರಾರು ತಪ್ಪುಗಳನ್ನು ಎದುರಿಸುವ ಅಭ್ಯಾಸ ಬೆಳೆದದ್ದೂ ಹೀಗೆಯೇ. ನಿಧಾನವಾದ ಯಂತ್ರ ಒಳ್ಳೆಯ ವಿನ್ಯಾಸಕಾರನ ಕೈಯನ್ನೂ ಕಟ್ಟಿಹಾಕುತ್ತದೆ.

ಸಿಇಡಿಟಿ ಇದ್ದ ಬೆಂಗಳೂರಿನಲ್ಲಿ, ಆಸ್ಟ್ರಿಯಾದ ಎಟಿ ಅಂಡ್ ಎಸ್ ಕಂಪನಿ ಬೋರ್ಡುಗಳನ್ನು ತಯಾರಿಸುವ ನಂಜನಗೂಡಿನ ಸುತ್ತಮುತ್ತ, ಹುಬ್ಬಳ್ಳಿ, ಮಂಗಳೂರುಗಳ ಕಾಲೇಜುಗಳಲ್ಲಿ ಇಂದು ಬೋರ್ಡ್ ವಿನ್ಯಾಸ ಕಲಿಯುವವರು ಸಾವಿರಾರು ಮಂದಿ. ಪ್ರಯೋಗಾಲಯಕ್ಕೆ ಕಂಪ್ಯೂಟರ್ ಕೊಳ್ಳುವವರು ಕೋರ್‌ಗಳ ಎಣಿಕೆಗೂ ಗ್ರಾಫಿಕ್ಸ್ ಕಾರ್ಡಿನ ಬೆಲೆಗೂ ಮಾರುಹೋಗದೆ, ಒಂದೊಂದು ಕೋರ್ ಎಷ್ಟು ಚುರುಕು, ಕ್ಯಾಶ್ ಎಷ್ಟು ದೊಡ್ಡದು ಎಂಬುದನ್ನು ಮೊದಲು ವಿಚಾರಿಸಲಿ. 32 ಗಿಗಾಬೈಟ್ ಮೆಮೊರಿ ಮತ್ತು ಒಂದು ವೇಗದ ಎಸ್‌ಎಸ್‌ಡಿ ಇದ್ದರೆ ವಿದ್ಯಾರ್ಥಿಗಳ ಕೆಲಸಕ್ಕೆ ಧಾರಾಳ. ಟೆಂಡರ್ ಕರೆಯುವ ಮುನ್ನ ತಮ್ಮಲ್ಲಿರುವ ಅತಿ ದೊಡ್ಡ ಬೋರ್ಡಿನ ಫೈಲನ್ನು ಮಾದರಿ ಯಂತ್ರದಲ್ಲಿ ತೆರೆದು, ತಾಮ್ರದ ಹಾಸಿನ ನಡುವೆ ಒಂದು ವಯಾ ಸರಿಸಿ, ಎಷ್ಟು ಹೊತ್ತು ಹಿಡಿಯುತ್ತದೆಂದು ಗಡಿಯಾರ ನೋಡಲಿ.